ಗಡಿಯಲ್ಲಿ ನಿಂತ ಮಾವು, ಭರ್ತಿಯಾಗದ ಪೀಠ

ಸೂಲಿಬೆಲೆ ಹೋಬಳಿಯ ಬೆಳೆಗಾರನಿಗೆ ಮಾರುಕಟ್ಟೆಯೆಂಬುದು ಎಂದೂ ಊರೊಳಗಿನ ಸಂಗತಿಯಾಗಿರಲಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಹಾಕಿ, ಹಗಲಿರುಳು ಹುಳುವನ್ನು ಕಾದು ತೆಗೆದ ರೇಷ್ಮೆ ಗೂಡು ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಹರಾಜಿಗೆ ಹೋಗುವುದು. ತರಕಾರಿಯು ಹೊಸಕೋಟೆಯ ಮಾರ್ಗವಾಗಿ ಬೆಂಗಳೂರಿನ ಕಲಾಸಿಪಾಳ್ಯವನ್ನು ಸೇರುವುದು. ಹಾಲು ಊರ ಡೇರಿಯಿಂದ ಬೆಂಗಳೂರು ಹಾಲು ಒಕ್ಕೂಟದ ಟ್ಯಾಂಕರನ್ನು ಏರುವುದು. ಆಲೂಗಡ್ಡೆಯ ಬಿತ್ತನೆ ಗೆಡ್ಡೆಯಂತೂ ಪಂಜಾಬಿನ ಜಲಂಧರದಿಂದ, ನಡುವೆ ಎಷ್ಟೋ ರಾಜ್ಯಗಳನ್ನು ದಾಟಿ ನಮ್ಮ ಸೀಮೆಗೆ ಬಂದಿಳಿಯುವುದು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಮುಟ್ಟಿ ಸೂಲಿಬೆಲೆಯ ಮೇಲಾಗಿ ಹೊಸಕೋಟೆಗೆ ಇಳಿಯುವ 648ನೆಯ ರಾಷ್ಟ್ರೀಯ ಹೆದ್ದಾರಿಯು ಈಗ ವಿಸ್ತಾರಗೊಂಡಿದೆ. ಹೊಸಕೋಟೆಯಲ್ಲೇ ಆರಂಭವಾಗುವ ಚೆನ್ನೈ ಎಕ್ಸ್‌ಪ್ರೆಸ್ ಮಾರ್ಗವು ಕರ್ನಾಟಕ, ಆಂಧ್ರ, ತಮಿಳುನಾಡು ಎಂಬ ಮೂರು ರಾಜ್ಯಗಳನ್ನು ಹೊಲಿದು ಸಮುದ್ರದ ಕಡೆಗೆ ಸಾಗುತ್ತಿದೆ. ಇಷ್ಟು ಧನವ್ಯಯವನ್ನು ಮಾಡಿ, ಇಷ್ಟು ಜನರ ಜಮೀನನ್ನು ಸ್ವಾಧೀನಪಡಿಸಿಕೊಂಡು ಸರ್ಕಾರಗಳು ರಸ್ತೆಯನ್ನು ನಿರ್ಮಿಸುವುದು ಸರಕು ಅಡೆತಡೆಯಿಲ್ಲದೆ ಸಂಚರಿಸಲೆಂದೇ ಆಗಿರುವಾಗ, ಅದೇ ಸರ್ಕಾರಗಳು ರಸ್ತೆಯ ಒಂದು ಬಿಂದುವಿನಲ್ಲಿ ಪೊಲೀಸರನ್ನು ನಿಲ್ಲಿಸಿ ಲಾರಿಯನ್ನು ಹಿಂದಕ್ಕೆ ಅಟ್ಟುವುದನ್ನು ಕಂಡರೆ, ಯಾವುದನ್ನು ನಾವು ರಾಜ್ಯನೀತಿಯೆಂದು ತಿಳಿಯತಕ್ಕದ್ದು?

2025ನೆಯ ಇಸವಿಯ ಜೂನ್ ತಿಂಗಳಲ್ಲಿ ನಡೆದುದು ಇದೇ. ಚಿತ್ತೂರು ಜಿಲ್ಲಾಧಿಕಾರಿಗಳು ಜೂನ್ 7ರಂದು ಹೊರಡಿಸಿದ ಆದೇಶವೊಂದರಿಂದ ಕರ್ನಾಟಕದ ತೋತಾಪುರಿ ಮಾವು ಆ ಜಿಲ್ಲೆಯನ್ನು ಪ್ರವೇಶಿಸಕೂಡದೆಂದಾಯಿತು. ಕಂದಾಯ, ಪೊಲೀಸ್, ಅರಣ್ಯ, ಮಾರುಕಟ್ಟೆ ಇಲಾಖೆಗಳ ಸಿಬ್ಬಂದಿಯು ಗಡಿಯ ಚೆಕ್‌ಪೋಸ್ಟುಗಳಲ್ಲಿ ನಿಯುಕ್ತವಾಯಿತು. ಈ ತಳಿಯ ಮಾವನ್ನು ಕೊಯ್ದು ತಿನ್ನುವವರಿಗಿಂತ ತಿರುಳು ತೆಗೆದು ಡಬ್ಬಿಗೆ ತುಂಬುವವರೇ ಹೆಚ್ಚು. ಆ ತಿರುಳಿನ ಕಾರ್ಖಾನೆಗಳು ದಟ್ಟವಾಗಿ ನೆಲೆಸಿರುವುದು ಚಿತ್ತೂರಿನ ಸುತ್ತಿನಲ್ಲಿ. ಕಾಯಿಯು ರಾಶಿಯಾಗಿ ಬೆಳೆಯುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ತೋಪುಗಳಲ್ಲಿ. ಇವೆರಡರ ನಡುವೆ ಇರುವುದು ಕೆಲವೇ ತಾಸುಗಳ ಲಾರಿ ಪ್ರಯಾಣ. ಕಿತ್ತ ಕಾಯಿಯು ಆದೇಶದ ಸಿಂಧುತ್ವ ನಿರ್ಣಯವಾಗುವವರೆಗೆ ಕಾಯುವುದಿಲ್ಲವಾದ ಕಾರಣ ಶ್ರೀನಿವಾಸಪುರದ ಬೆಳೆಗಾರರು ಬಂದ್ ಆಚರಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜೂನ್ 11ರಂದು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದು, ಈ ನಿಷೇಧವನ್ನು ಹಿಂತೆಗೆಯಬೇಕೆಂದೂ, ಇಲ್ಲವಾದಲ್ಲಿ ಜನರ ಅಸಮಾಧಾನವು ಪ್ರತೀಕಾರಕ್ಕೆ ತಿರುಗಿ ತರಕಾರಿ ಮುಂತಾದ ಪದಾರ್ಥಗಳ ಸಾಗಣೆಗೂ ಭಂಗ ಬರಬಹುದೆಂದೂ ತಿಳಿಸಿದರು. ಕೊನೆಗೆ ಕೇಂದ್ರ ಸರ್ಕಾರವು ಎರಡೂವರೆ ಲಕ್ಷ ಟನ್ ಮಾವಿಗೆ ಕ್ವಿಂಟಾಲಿಗೆ 1,616 ರೂಪಾಯಿಯಂತೆ ದರ ನಿಗದಿಮಾಡಿ, ಬೆಲೆಯ ಕೊರತೆಯನ್ನು ರಾಜ್ಯದೊಂದಿಗೆ ಸಮವಾಗಿ ಭರಿಸಲು ಒಪ್ಪಿದ ಮೇಲೆ ಗದ್ದಲವು ಅಡಗಿತು, ಪ್ರಶ್ನೆಯು ಅಡಗಲಿಲ್ಲ.

ಚಿತ್ತೂರಿನವರನ್ನು ದುಷ್ಟರೆಂದು ಬಗೆಯುವುದು ಸುಲಭ, ಅದು ನ್ಯಾಯವಲ್ಲ. ಅಲ್ಲಿಯ ರೈತನೂ ಆ ವರ್ಷ ಬೆಲೆಕುಸಿತದಲ್ಲಿ ಸಿಕ್ಕಿಬಿದ್ದಿದ್ದನು. ಆಂಧ್ರ ಸರ್ಕಾರವು ಕಿಲೋ ಒಂದಕ್ಕೆ ಕಾರ್ಖಾನೆಯವರು 8 ರೂಪಾಯಿ ಕೊಡತಕ್ಕದ್ದೆಂದೂ, ಸರ್ಕಾರವು 4 ರೂಪಾಯಿ ಸೇರಿಸತಕ್ಕದ್ದೆಂದೂ ಗೊತ್ತುಮಾಡಿ ತನ್ನ ಬೆಳೆಗಾರನಿಗೆ 12 ರೂಪಾಯಿ ದೊರೆಯುವಂತೆ ಮಾಡಿತು. ಹೀಗಿರುವಲ್ಲಿ, ಗಡಿಯ ಈಚೆಗೆ ಐದಾರು ರೂಪಾಯಿಗೆ ಬಿಕರಿಯಾಗುತ್ತಿದ್ದ ಕಾಯಿಯು ಒಳನುಗ್ಗಿದರೆ ಕಾರ್ಖಾನೆಯವನು ಎಂಟು ರೂಪಾಯಿ ಕೊಟ್ಟು ಸ್ಥಳೀಯ ಕಾಯಿಯನ್ನು ಕೊಳ್ಳುವನೇ? ಆದುದರಿಂದ ಬೆಂಬಲ ಬೆಲೆಯ ಬೆನ್ನಿಗೇ ಬೇಲಿಯೂ ಬಂದಿತು. ಒಂದು ರಾಜ್ಯವು ಪದಾರ್ಥದ ಬೆಲೆಯನ್ನು ಮಾರುಕಟ್ಟೆಯಲ್ಲಿಯೇ ಎತ್ತಿ ಹಿಡಿಯಲು ಹೊರಟು, ನೆರೆಯ ರಾಜ್ಯವು ಸುಮ್ಮನೆ ಕುಳಿತಾಗಲೆಲ್ಲ ನಡುವೆ ಗೋಡೆಯೇಳುವುದು ಅನಿವಾರ್ಯ. ಇದು ದುರುದ್ದೇಶದ ಫಲವಲ್ಲ, ಸಹಾಯವನ್ನು ಕೊಡುವ ಕ್ರಮದಲ್ಲಿರುವ ದೋಷದ ಫಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆಡುವ ಮಾತೆಲ್ಲ ಭಾಷಾಭಿಮಾನದ ಕೂಗಾಟವಾಗಿ ಪರಿಣಮಿಸುವ ಭಯವಿದೆ.

ಗಡಿಯಲ್ಲಿ ಸರಕನ್ನು ತಡೆಯುವ ಚಪಲವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಂತಪಾಲನೆಂಬ ಗಡಿಯ ಅಧಿಕಾರಿಯು ಸಾರ್ಥವಾಹರಿಂದ ‘ವರ್ತನೀ’ ಎಂಬ ದಾರಿಸುಂಕವನ್ನು ವಸೂಲುಮಾಡಬೇಕೆಂದಿದೆ. ಆದರೆ ದಾರಿಯಲ್ಲಿ ಕಳೆದುಹೋದ ಸರಕಿಗೆ ಅವನೇ ಹೊಣೆಯೆಂಬ ವಿಧಿಯೂ ಅಲ್ಲಿಯೇ ಇದೆಯೆಂಬುದನ್ನು ಈಗಿನ ಅಂತಪಾಲರು ಗಮನಿಸಬಹುದು. ಚಾಲುಕ್ಯರ ಕಾಲದ ಶಾಸನಗಳು ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಹೆಸರನ್ನು ಮತ್ತೆ ಮತ್ತೆ ಎತ್ತುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನೊಬ್ಬನಿದ್ದನು. ಆದರೂ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಜನದ ಅಭಿಪ್ರಾಯವನ್ನು ಆ ಮಹಾನುಭಾವನೂ ಬದಲಿಸಲಾರದೆ ಹೋದನು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯಕ್ಕೆ ಪೂರ್ವದ ಎಲ್ಲೆಯೆಂದು ಹೇಳುವುದು ನಂಗಲಿಯನ್ನು. ಮುಳಬಾಗಿಲಿನಾಚೆಯ ಅದೇ ನಂಗಲಿಯಲ್ಲಿ, ಈಗ್ಗೆ ಕೆಲವೇ ವರ್ಷಗಳ ಹಿಂದಿನವರೆಗೆ, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಕೋಲಾರದ ದಾರಿಯಲ್ಲಿ ಓಡಾಡಿದವರೆಲ್ಲ ಕಂಡಿದ್ದಾರೆ.

ಮೈಸೂರು ಸಂಸ್ಥಾನದ ಸಾಯರ್ ಸುಂಕಗಳ ಕಥೆಯು ಇದಕ್ಕಿಂತಲೂ ವಿಚಿತ್ರವಾದುದು. 1834ರಿಂದ 1861ರವರೆಗೆ ಕಮೀಷನರಾಗಿದ್ದ ಮಾರ್ಕ್ ಕಬ್ಬನನ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆಯನ್ನು ಬಿ. ಎಲ್. ರೈಸರ ಗೆಜೆಟಿಯರು 769 ಎಂದು ಲೆಕ್ಕಹಾಕಿದೆ. ಮದುವೆಗೊಂದು ತೆರಿಗೆ, ಮಗು ಹುಟ್ಟಿದರೆ ಒಂದು, ಅದಕ್ಕೆ ಹೆಸರಿಟ್ಟರೆ ಒಂದು, ತಲೆ ಬೋಳಿಸಿದರೆ ಮತ್ತೊಂದು. ನಗರ ಸೀಮೆಯ ಒಂದು ಸ್ಥಳವನ್ನು ಕೈಗಳೆರಡನ್ನೂ ಪಕ್ಕೆಗೆ ಅಂಟಿಸಿಕೊಳ್ಳದೆ ದಾಟಿದವನಿಗೂ ಒಂದು ತೆರಿಗೆ. ಪಾಳೆಯಗಾರನ ತಪ್ಪಿಹೋದ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಗ್ರಾಮದ ಸಂತತಿಯ ಮೇಲೆಲ್ಲ ಮತ್ತೊಂದು. ಓದಿ ನಗುವೆವು. ಕಂಪೆನಿ ಸರ್ಕಾರದ ಸೀಮೆಯಲ್ಲಿಯೂ ಸ್ಥಿತಿಯು ಉತ್ತಮವಾಗಿರಲಿಲ್ಲ. ಒಳನಾಡಿನ ಸಾಗಣೆಸುಂಕವು ಬಂಗಾಳದಲ್ಲಿ 1836ರಲ್ಲಿ, ಮುಂಬಯಿಯಲ್ಲಿ 1838ರಲ್ಲಿ, ಮದರಾಸಿನಲ್ಲಿ 1844ರಲ್ಲಿ ನಿಂತಿತಾದರೂ, ಉಪ್ಪಿನ ತೆರಿಗೆಯನ್ನು ಕಾಯಲು ಉತ್ತರ ಹಿಂದೂಸ್ಥಾನದ ಉದ್ದಕ್ಕೂ ಮುಳ್ಳಿನ ಜೀವಂತ ಬೇಲಿಯನ್ನು ಬೆಳೆಸಿ, ಸಾವಿರಾರು ಕಾವಲುಗಾರರನ್ನು ಅದರ ಬುಡದಲ್ಲಿ ನಿಲ್ಲಿಸಿದ ಮಹಾಪ್ರಯತ್ನವು ಕೊನೆಗೊಂಡುದು 1879ರಲ್ಲಿ.

ಇದೆಲ್ಲ ಪರಕೀಯರ ಮತ್ತು ಪಾಳೆಯಗಾರರ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಸ್ವತಂತ್ರ ಭಾರತದಲ್ಲಿ ಆಹಾರ ವಲಯಗಳಿದ್ದುವು. 1957ರಲ್ಲಿ ಆಂಧ್ರ, ಮೈಸೂರು, ಮದರಾಸು, ಕೇರಳಗಳನ್ನು ಸೇರಿಸಿ ದಕ್ಷಿಣ ಅಕ್ಕಿ ವಲಯವೊಂದನ್ನು ಮಾಡಿದರು. 1964ರಲ್ಲಿ ಅದನ್ನೂ ಒಡೆದು ಒಂದೊಂದು ರಾಜ್ಯವನ್ನೂ ಒಂದೊಂದು ವಲಯವೆಂದು ಮಾಡಿದರು. ಅಕ್ಕಿಯ ಮೂಟೆಗಾಗಿ ಬಸ್ಸಿನ ಸೀಟಿನ ಅಡಿಯನ್ನು ತಡಕುತ್ತಿದ್ದ ದಿನಗಳನ್ನು ಜ್ಞಾಪಿಸಿಕೊಳ್ಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆಳೆದ ರಾಜ್ಯದಲ್ಲಿ ರೈತನಿಗೆ ಬೆಲೆಯಿಲ್ಲ, ಬೆಳೆಯದ ರಾಜ್ಯದಲ್ಲಿ ಬಡವನಿಗೆ ಅನ್ನವಿಲ್ಲ, ನಡುವೆ ಕಳ್ಳಸಾಗಣೆಗಾರನಿಗೆ ಮಾತ್ರ ಎರಡು ಕಡೆಯೂ ಲಾಭವೆಂಬ ಪರಿಸ್ಥಿತಿಯು ಹೆಚ್ಚುಕಡಮೆ 1977ರಲ್ಲಿ ವಲಯಗಳು ಕರಗುವವರೆಗೂ ನಡೆಯಿತು. ಅದಕ್ಕೆ ಬಹಳ ಮುಂಚೆಯೇ, 1952ರಲ್ಲಿ, ಮದರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿಯವರು ಆಹಾರಧಾನ್ಯದ ನಿಯಂತ್ರಣವನ್ನು ಕಿತ್ತೊಗೆದಾಗ ದುರ್ಭಿಕ್ಷವೇ ಬರುವುದೆಂದು ಹೆದರಿದವರು ಅನೇಕರು, ದುರ್ಭಿಕ್ಷವು ಬರಲಿಲ್ಲ.

ಇನ್ನು ಸಂವಿಧಾನದ ಮಾತು. ಭಾರತದ ಉದ್ದಗಲಕ್ಕೂ ವ್ಯಾಪಾರ, ವಾಣಿಜ್ಯ, ಸಂಪರ್ಕಗಳು ಮುಕ್ತವಾಗಿರತಕ್ಕದ್ದೆಂದು 301ನೆಯ ವಿಧಿಯು ಘೋಷಿಸುತ್ತದೆ. ರಾಜ್ಯವೊಂದು ಸಾರ್ವಜನಿಕ ಹಿತಕ್ಕಾಗಿ ನ್ಯಾಯಸಮ್ಮತ ನಿರ್ಬಂಧವನ್ನು ಹಾಕಬಯಸಿದಲ್ಲಿ, 304ನೆಯ ವಿಧಿಯ ಪ್ರಕಾರ, ಅದಕ್ಕೆ ವಿಧಾನಮಂಡಲದ ಕಾನೂನು ಬೇಕು; ಆ ಮಸೂದೆಯನ್ನು ಮಂಡಿಸುವ ಮೊದಲು ರಾಷ್ಟ್ರಪತಿಗಳ ಅನುಮತಿಯೂ ಬೇಕು. ಜಿಲ್ಲಾಧಿಕಾರಿಯ ಸಹಿಯೊಂದರಿಂದ ನೆರೆರಾಜ್ಯದ ಹಣ್ಣನ್ನು ತಡೆಗಟ್ಟುವುದು ಈ ಏರ್ಪಾಡಿಗೆ ಹೇಗೆ ಹೊಂದುವುದೋ ನನಗೆ ಕಾಣದು. ತೆರಿಗೆಯ ಮಟ್ಟಿಗೆ ನಾವು ದೂರ ಸಾಗಿದ್ದೇವೆ: ಕರ್ನಾಟಕವು 1979ರಲ್ಲಿ ಆಕ್ಟ್ರಾಯನ್ನು ರದ್ದುಮಾಡಿ, ಅದರ ಬದಲಿಗೆ ಪ್ರವೇಶ ತೆರಿಗೆಯನ್ನು ತಂದಿತು, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರವೇಶ ತೆರಿಗೆಯೂ ಅದರಲ್ಲಿ ಲೀನವಾಗಿ, ಗಡಿಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಕೆಲವೇ ದಿನಗಳಲ್ಲಿ ದೇಶದಾದ್ಯಂತ ತೆರವಾದುವು, 2018ರಿಂದ ಇ-ವೇ ಬಿಲ್ಲು ಚಾಲಕನ ಮೊಬೈಲಿನಲ್ಲೇ ಇರುತ್ತದೆ. ಸುಂಕದವನು ಎದ್ದುಹೋದ ಜಾಗದಲ್ಲಿ ಈಗ ಆದೇಶವನ್ನು ಹಿಡಿದವನು ಬಂದು ಕುಳಿತಿದ್ದಾನೆ. ಮಹಾರಾಷ್ಟ್ರವು 2023ರ ಸೆಪ್ಟೆಂಬರಿನಲ್ಲಿ ತನ್ನ ಕಬ್ಬು ಹೊರರಾಜ್ಯಕ್ಕೆ ಹೋಗಕೂಡದೆಂದು ಕಟ್ಟಪ್ಪಣೆ ಮಾಡಿ, ಅಲ್ಲಿಯ ರೈತರೇ ತಿರುಗಿಬಿದ್ದುದರಿಂದ ಕೆಲವು ದಿನಗಳಲ್ಲೇ ಹಿಂತೆಗೆದುಕೊಂಡಿತು. ಪಶ್ಚಿಮ ಬಂಗಾಳವು 2024ರಲ್ಲಿ ಆಲೂಗಡ್ಡೆಯ ಲಾರಿಗಳನ್ನು ಒಡಿಶಾ, ಝಾರ್ಖಂಡಗಳ ಗಡಿಯಲ್ಲಿ ನಿಲ್ಲಿಸಿತು. ಸುಂಕಕ್ಕಾದರೂ ಒಂದು ದರವಿತ್ತು, ಕೊಟ್ಟವನು ಮುಂದೆ ಹೋಗಬಹುದಿತ್ತು, ನಿಷೇಧಕ್ಕೆ ದರವಿಲ್ಲ.

ನಮ್ಮ ಮನೆಯ ಕಡೆಗೂ ಒಮ್ಮೆ ನೋಡಿಕೊಳ್ಳೋಣ, ಏಕೆಂದರೆ ಈ ಪ್ರಕರಣದ ನಿಜವಾದ ಪಾಠವು ಮಾವಿನ ಮಂಡಿಯಲ್ಲಿ ಇರುವುದಕ್ಕಿಂತ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹೆಚ್ಚಾಗಿದೆ. ಮಾವಿನ ವಿಷಯದಲ್ಲಿ ಕಾಯಿ ನಮ್ಮದು, ಕಾರ್ಖಾನೆ ಅವರದು. ರೇಷ್ಮೆಯ ವಿಷಯದಲ್ಲಿ ಇದು ತಿರುಗುಮುರುಗು. ನೂಲು ಬಿಚ್ಚಾಣಿಕೆಯ ಘಟಕಗಳು ಶಿಡ್ಲಘಟ್ಟ, ವಿಜಯಪುರ, ರಾಮನಗರಗಳಲ್ಲಿವೆ. ಅವುಗಳ ಬಾಯಿ ತುಂಬುವಷ್ಟು ಗೂಡು ಸದಾಕಾಲವೂ ನಮ್ಮ ಹೋಬಳಿಗಳಿಂದಲೇ ಒದಗುವುದಿಲ್ಲ. ಆಂಧ್ರದಿಂದಲೂ ತಮಿಳುನಾಡಿನಿಂದಲೂ ಬೆಳೆಗಾರರು ರಾತ್ರೋರಾತ್ರಿ ಗೂಡನ್ನು ತುಂಬಿಕೊಂಡು ನಮ್ಮ ಹರಾಜುಕಟ್ಟೆಗೆ ಬರುತ್ತಾರೆ. ನಮ್ಮ ರೀಲರನು ಅದನ್ನು ಕೊಂಡು ನೂಲು ತೆಗೆಯುತ್ತಾನೆ, ಆ ನೂಲು ಮಗ್ಗವನ್ನು ಅರಸಿ ಕಂಚಿಗೂ ಧರ್ಮಾವರಕ್ಕೂ ಹೋಗುತ್ತದೆ. ನಾಳೆ ಆಂಧ್ರದ ಯಾವುದೋ ಜಿಲ್ಲೆಯ ಅಧಿಕಾರಿಯು ಗೂಡು ಹೊರಗೆ ಹೋಗಕೂಡದೆಂದು ಬರೆದರೆ, ಅಥವಾ ಹೊರಗಿನ ಗೂಡು ಬಂದು ನಮ್ಮ ಬೆಲೆಯನ್ನು ಇಳಿಸಿತೆಂದು ನಮ್ಮವರೇ ಅದನ್ನು ತಡೆಯಬೇಕೆಂದು ಕೂಗೆಬ್ಬಿಸಿದರೆ, ಶಿಡ್ಲಘಟ್ಟದ ಒಲೆಗಳಲ್ಲಿ ಎಷ್ಟು ಉರಿಯುವುವು? ಬೆಲೆ ಇಳಿದ ದಿನ ಸೂಲಿಬೆಲೆಯ ಗೂಡು ಬೆಳೆಗಾರನಿಗೆ ಹೊರಗಿನ ಗೂಡು ಕಣ್ಣಿಗೆ ಮುಳ್ಳಾಗಿ ಕಾಣುವುದು ಸಹಜ. ಆದರೆ ಕೊಳ್ಳುವ ರೀಲರನೇ ಆ ಮಾರುಕಟ್ಟೆಯಲ್ಲಿ ನೆಲೆನಿಲ್ಲದೆ ಹೋದರೆ ಬೆಲೆ ಕೂಗುವವರೇ ಇರುವುದಿಲ್ಲವೆಂಬುದನ್ನು ಅವನು ನನಗಿಂತ ಚೆನ್ನಾಗಿ ಬಲ್ಲನು.

ಕರ್ನಾಟಕದ 1959ರ ರೇಷ್ಮೆಹುಳು ಮೊಟ್ಟೆ, ಗೂಡು ಮತ್ತು ರೇಷ್ಮೆ ನೂಲು ನಿಯಂತ್ರಣ ಕಾನೂನು ಗೂಡನ್ನು ಸರ್ಕಾರಿ ಮಾರುಕಟ್ಟೆಯ ಹೊರಗೆ ಮಾರುವುದನ್ನು ನಿಷೇಧಿಸುತ್ತದೆ. ಅದರ ಉದ್ದೇಶ ಸದುದ್ದೇಶವೇ. ತೂಕದಲ್ಲಿಯೂ ಸಾಲದಲ್ಲಿಯೂ ರೈತನನ್ನು ಸುಲಿಯುತ್ತಿದ್ದ ದಲ್ಲಾಳಿಯಿಂದ ಬಿಡಿಸಿ, ಬಹಿರಂಗ ಹರಾಜು ಮತ್ತು ನಿಶ್ಚಿತವಾದ ಪಾವತಿಯನ್ನು ಅದು ಒದಗಿಸಿತು. ಆದರೂ ನನ್ನ ಗೂಡನ್ನು ನಾನು ಹೊಸೂರಿನ ಕಡೆಯವನಿಗೆ ನನ್ನ ಮನೆಯ ಬಾಗಿಲಿನಲ್ಲಿಯೇ ಮಾರಿದರೆ ಅಪರಾಧವೆನ್ನುವ ಕಾನೂನನ್ನು ಇಟ್ಟುಕೊಂಡೇ, ನಮ್ಮ ಮಾವಿಗೆ ಚಿತ್ತೂರಿನ ಬಾಗಿಲು ಸದಾ ತೆರೆದಿರಲೆಂದು ಬಯಸುವುದರಲ್ಲಿ ಸ್ವಲ್ಪ ಸಂಕೋಚವಾದರೂ ಇರಬೇಕು. ಸರ್ಕಾರಿ ಮಾರುಕಟ್ಟೆಯು ಒಳ್ಳೆಯದಾಗಿದ್ದರೆ ರೈತನು ಬಲವಂತವಿಲ್ಲದೆಯೂ ಅಲ್ಲಿಗೆ ಬರುವನು.

ಹಾಲಿನ ವಿಚಾರದಲ್ಲಿಯೂ ನಮ್ಮ ನಿಲುವು ಮುಂಜಾನೆಗೊಂದು ಸಂಜೆಗೊಂದು. 2023ರ ಏಪ್ರಿಲಿನಲ್ಲಿ ಅಮುಲ್ ಸಂಸ್ಥೆಯು ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವೆನೆಂದಾಗ ನಂದಿನಿಯನ್ನು ಉಳಿಸಿರೆಂಬ ಕೂಗು ಚುನಾವಣೆಯ ಕಣವನ್ನೇ ಆವರಿಸಿತು. ಅದೇ ಸಮಯದಲ್ಲಿ ನಮ್ಮ ಹಾಲು ಮಹಾಮಂಡಳಿಯು ಕೇರಳದಲ್ಲಿ ಮಳಿಗೆಗಳನ್ನು ತೆರೆದಿತ್ತು, ಅಲ್ಲಿಯ ಮಿಲ್ಮಾ ಸಂಸ್ಥೆಯವರು ನಮ್ಮ ಮಾತನ್ನೇ ನಮಗೆ ಒಪ್ಪಿಸಿದರು. ತಮಿಳುನಾಡಿನ ಮುಖ್ಯಮಂತ್ರಿಗಳು ಕೃಷ್ಣಗಿರಿಯಲ್ಲಿ ಅಮುಲ್ ಹಾಲು ಸಂಗ್ರಹಿಸುವುದನ್ನು ಆಕ್ಷೇಪಿಸಿ ಕೇಂದ್ರಕ್ಕೆ ಬರೆದರು. ಇಲ್ಲಿ ನಾನೊಂದು ವಿವೇಚನೆಯನ್ನು ಮಾಡಬಯಸುವೆನು: ಹಳ್ಳಿಯ ಸಹಕಾರ ಸಂಘವು ಸದಸ್ಯರ ಷೇರು ಹಣದಿಂದ, ವರ್ಷಾನುಗಟ್ಟಲೆ ಪಶುವೈದ್ಯ ಸೇವೆಯಿಂದ, ಮೇವು ಬೀಜ ಹಂಚಿಕೆಯಿಂದ ಕಟ್ಟಿದ ಹಾಲಿನ ಸೀಮೆಯೊಳಗೆ ಮತ್ತೊಬ್ಬರು ಬಂದು ಹಾಲು ಎತ್ತುವುದು ಬೇರೆ, ಪಟ್ಟಣದ ಅಂಗಡಿಯಲ್ಲಿ ಎರಡು ಹೆಸರಿನ ಪ್ಯಾಕೆಟ್ಟುಗಳು ಪಕ್ಕಪಕ್ಕದಲ್ಲಿರುವುದು ಬೇರೆ. ಮೊದಲನೆಯದರಲ್ಲಿ ಸಹಕಾರಿಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳುವುದಕ್ಕೆ ಅರ್ಥವಿದೆ. ಎರಡನೆಯದನ್ನು ತಡೆಯಬೇಕೆನ್ನುವವರಿಗೆ ದೆಹಲಿಯಲ್ಲಿ ನಂದಿನಿಯನ್ನು ಮಾರುವ ಹಕ್ಕು ಎಲ್ಲಿಂದ ಬರುವುದೋ ಅವರೇ ಹೇಳಬೇಕು. ಸರಕನ್ನಷ್ಟೇ ಅಲ್ಲ, ಮನುಷ್ಯರನ್ನೂ ನಾವು ಗಡಿಯಲ್ಲಿ ತಡೆದುದುಂಟು: 2020ರ ಮಾರ್ಚ್ ಕೊನೆಯಲ್ಲಿ ಸಾಂಕ್ರಾಮಿಕದ ನೆಪದಿಂದ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದು ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳನ್ನು ತಲಪಾಡಿಯಲ್ಲಿ ತಡೆದುದು ನಮ್ಮ ರಾಜ್ಯವೇ, ತಡೆಯಿಸಿಕೊಂಡವರಲ್ಲಿ ಕನ್ನಡಿಗರೂ ಇದ್ದರು.

ಗಡಿಯನ್ನು ಪೂರ್ಣವಾಗಿ ತೆರೆದರೆ ಚಿಕ್ಕ ಬೆಳೆಗಾರನ ಗತಿಯೇನೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಬೆಲೆ ಬಿದ್ದ ವರ್ಷ ಅವನಿಗೆ ಆಸರೆ ಬೇಕೇಬೇಕು. ಆದರೆ ಆ ಆಸರೆಯು ಸರಕಿನ ಬೆನ್ನೇರಿ ಬರಬೇಕಾಗಿಲ್ಲ, ಮನುಷ್ಯನ ಕೈಗೆ ನೇರವಾಗಿ ಬರಬಹುದು. ಆಂಧ್ರ ಸರ್ಕಾರವು ತನ್ನ ನಾಲ್ಕು ರೂಪಾಯಿಯನ್ನು, ಬೇಕಾದರೆ ಎಂಟು ರೂಪಾಯಿಯನ್ನೇ, ತೋಪಿನ ಪಹಣಿಯನ್ನು ನೋಡಿ ತನ್ನ ರೈತನ ಖಾತೆಗೆ ಜಮಾಮಾಡಿ, ಕಾರ್ಖಾನೆಯವನು ಎಲ್ಲಿಂದಲಾದರೂ ಎಷ್ಟಕ್ಕಾದರೂ ಕೊಳ್ಳಲೆಂದು ಬಿಟ್ಟಿದ್ದರೆ ಒಂದೇ ಒಂದು ಲಾರಿಯನ್ನೂ ತಡೆಯುವ ಪ್ರಮೇಯ ಬರುತ್ತಿರಲಿಲ್ಲ. ಕೇಂದ್ರವು ಕೊನೆಗೆ ಕರ್ನಾಟಕಕ್ಕೆ ಒಪ್ಪಿದುದು ಇಂಥದೇ ಬೆಲೆಕೊರತೆಯ ಪಾವತಿಯನ್ನು. ನಮ್ಮ ರಾಜ್ಯದಲ್ಲಿ ಜಮೀನಿನ ವಿವರ, ಬೆಳೆಯ ಸಮೀಕ್ಷೆ, ಬ್ಯಾಂಕಿನ ಖಾತೆ ಮೂರನ್ನೂ ಜೋಡಿಸಿದ ಫ್ರೂಟ್ಸ್ ನೋಂದಣಿಯು ಇರುವಾಗ ಇದು ಅಸಾಧ್ಯವಾದ ಕಾರ್ಯವಲ್ಲ. ಕೋಲಾರದಲ್ಲಿ ತಿರುಳಿನ ಕಾರ್ಖಾನೆಗಳು ಬೇಕೆಂಬ ಬೇಡಿಕೆಯೂ ಯುಕ್ತವೇ. ಚಿತ್ತೂರಿನ ಮೇಲಿನ ಕೋಪಕ್ಕೆ ಕಟ್ಟಿದ ಕಾರ್ಖಾನೆಯು ಎರಡು ಹಂಗಾಮು ನಡೆದು ಬಾಗಿಲು ಹಾಕೀತೆಂಬ ಎಚ್ಚರಿಕೆಯೊಂದಿದ್ದರೆ ಸಾಕು.

ಉಳಿದಿರುವುದು, ತಪ್ಪಿದವರನ್ನು ಕೇಳುವವರಾರೆಂಬುದು. ನ್ಯಾಯಾಲಯಗಳಿವೆ, ನಿಜ. ಅಸ್ಸಾಮಿನ ಚಹದ ಮೇಲಣ ಸಾಗಣೆ ತೆರಿಗೆಯ ಅಟಿಯಾಬಾರಿ ಮೊಕದ್ದಮೆಯಲ್ಲಿ 301ನೆಯ ವಿಧಿಯ ಅರ್ಥವನ್ನು ಸುಪ್ರೀಂ ಕೋರ್ಟು 1960ರಲ್ಲಿ ಹೇಳಿತು. ಆ ಅರ್ಥದ ವಿವಾದವು ಒಂಬತ್ತು ನ್ಯಾಯಾಧೀಶರ ಪೀಠದ ಮುಂದೆ ಜಿಂದಾಲ್ ಪ್ರಕರಣದಲ್ಲಿ ಒಂದು ನಿಲುಗಡೆಗೆ ಬಂದುದು 2016ರಲ್ಲಿ. ಐವತ್ತಾರು ವರ್ಷ ಕಾಯಬಲ್ಲ ಮಾವನ್ನು ನಮ್ಮ ತೋಟಗಾರಿಕೆ ವಿಶ್ವವಿದ್ಯಾನಿಲಯಗಳು ಇನ್ನೂ ಕಂಡುಹಿಡಿದಿಲ್ಲ. ಕೆನಡಾ ದೇಶದಲ್ಲಿ ನೆರೆಯ ಪ್ರಾಂತದಿಂದ ಅಗ್ಗದ ಬಿಯರ್ ತಂದನೆಂದು ದಂಡಕ್ಕೊಳಗಾದ ನಿವೃತ್ತನೊಬ್ಬನ ಮೊಕದ್ದಮೆಯು 2012ರಿಂದ 2018ರವರೆಗೆ ನಡೆದು, ಕೊನೆಗೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪ್ರಾಂತದ ಪರವಾಗಿಯೇ ತೀರ್ಪಿತ್ತಿತು. ಪ್ರಾಂತಗಳ ನಡುವಣ ತಡೆಗಳನ್ನು ಇಳಿಸಲು ಆ ದೇಶವು ಕಾನೂನನ್ನು ಮಾಡಿದುದು, ಹೊರದೇಶದ ಸುಂಕದ ಏಟು ಬಿದ್ದ ಮೇಲೆ, 2025ರಲ್ಲಿ.

ನಮ್ಮ ಸಂವಿಧಾನಕರ್ತರು ಈ ಕಷ್ಟವನ್ನು ಮುಂಗಂಡಿದ್ದರು. 301ನೆಯ ವಿಧಿಯನ್ನು ಆಸ್ಟ್ರೇಲಿಯದ ಸಂವಿಧಾನದ ಮಾದರಿಯಿಂದ ತೆಗೆದುಕೊಂಡವರು, ಅಲ್ಲಿಯ ಅಂತರರಾಜ್ಯ ಆಯೋಗವನ್ನು ಹೋಲುವ ಪ್ರಾಧಿಕಾರವೊಂದನ್ನು ಸಂಸತ್ತು ನೇಮಿಸಬಹುದೆಂದು 307ನೆಯ ವಿಧಿಯಲ್ಲಿ ಬರೆದಿಟ್ಟರು. 1988ರಲ್ಲಿ ಸರ್ಕಾರಿಯಾ ಆಯೋಗವು ಅದನ್ನು ಸ್ಥಾಪಿಸಿರೆಂದಿತು. 2010ರಲ್ಲಿ ಪುಂಛಿ ಆಯೋಗವು ಮತ್ತೆ ಹೇಳಿತು. ಸಂವಿಧಾನ ಜಾರಿಗೆ ಬಂದು ಎಪ್ಪತ್ತೈದು ವರ್ಷ ಕಳೆದರೂ ಆ ಪೀಠದಲ್ಲಿ ಯಾರೂ ಕುಳಿತಿಲ್ಲ. ತೆರಿಗೆಗೆ ಜಿಎಸ್‌ಟಿ ಮಂಡಳಿಯಿದೆ, ನದಿಯ ನೀರಿಗೆ ನ್ಯಾಯಮಂಡಳಿಯಿದೆ. ಲಾರಿಯಲ್ಲಿರುವ ಮಾವಿಗೆ ಮಾತ್ರ ಮುಖ್ಯಮಂತ್ರಿಗಳ ಕಾಗದವೇ ಗತಿ.

ಆ ಪ್ರಾಧಿಕಾರಕ್ಕೆ ದೊಡ್ಡ ಕಟ್ಟಡವಾಗಲಿ ನೂರಾರು ನೌಕರರಾಗಲಿ ಬೇಕಾಗಿಲ್ಲ. ಕೆಡುವ ಪದಾರ್ಥದ ಮೇಲೆ ರಾಜ್ಯವೊಂದು ಸಾಗಣೆಯ ನಿರ್ಬಂಧ ಹಾಕಿದ ಕೂಡಲೇ ದೂರನ್ನು ಸ್ವೀಕರಿಸಿ, ಎರಡು ಮೂರು ದಿನಗಳೊಳಗೆ ಮಧ್ಯಂತರ ಆಜ್ಞೆಯನ್ನು ಕೊಡುವ ಅಧಿಕಾರ. ಕಾರಣವನ್ನು ಲಿಖಿತವಾಗಿ ತೋರಿಸಲಾರದ ನಿಷೇಧವು ತಾನಾಗಿಯೇ ಬಿದ್ದುಹೋಗುವುದೆಂಬ ನಿಯಮ. ಅಕ್ರಮ ತಡೆಯಿಂದ ಕೊಳೆತ ಸರಕಿಗೆ ತಡೆದ ಸರ್ಕಾರದಿಂದಲೇ ಪರಿಹಾರ. ರಾಜ್ಯಗಳ ಸ್ವಾತಂತ್ರ್ಯವನ್ನು ದೆಹಲಿಯು ನುಂಗುವುದೆಂಬ ಶಂಕೆಗೆ ಆಸ್ಪದವಿಲ್ಲದಂತೆ ಅದರ ಸದಸ್ಯರನ್ನು ರಾಜ್ಯಗಳೇ ಸರದಿಯಲ್ಲಿ ಸೂಚಿಸಲಿ. ಇದನ್ನು ಕೇಳಬೇಕಾದವರಲ್ಲಿ ಕರ್ನಾಟಕವು ಮೊದಲಿನದಾಗಬೇಕು, ಮತ್ತು ಕೇಳುವಾಗ ತನ್ನ ಗೂಡಿನ ಕಾನೂನನ್ನೂ ಅದರ ಪರಿಶೀಲನೆಗೆ ಒಪ್ಪಿಸುವೆನೆಂದು ಹೇಳಬೇಕು. ಹಾಗಲ್ಲದೆ ಹೋದರೆ ಆ ಕೋರಿಕೆಗೆ ಚಿತ್ತೂರಿನವರು ಕಿವಿಗೊಡುವ ಕಾರಣವಿಲ್ಲ. ತೋತಾಪುರಿಯು ಕೊಯ್ಲಿಗೆ ಬರುವುದು ಜೂನ್ ತಿಂಗಳಿಗೆ. ಸಂಸತ್ತಿನ ಬಜೆಟ್ ಅಧಿವೇಶನವು ಸಾಮಾನ್ಯವಾಗಿ ಏಪ್ರಿಲಿನಲ್ಲೇ ಮುಗಿದುಹೋಗುತ್ತದೆ. ಮಸೂದೆಯನ್ನು ತರುವ ಮನಸ್ಸಿದ್ದವರು ಅದಕ್ಕೆ ಮುಂಚೆ ತರಬೇಕು.